ಅಂದು ‘ನಾವು’, ಇಂದು ‘ನೀವು ಹೊರಡಿ’!

ಅಂಗಡಿ, ಗೋದಾಮು ಬಾಡಿಗೆಗೆ ಕೊಡುವುದು ಹಳೇ ಮಾತಾಯಿತು. ಈಗ ಕುರ್ಚಿ-ಮೇಜು ಬಾಡಿಗೆಗೆ ಕೊಡುವ ಕಾಲ. ಇಡೀ ಕಟ್ಟಡವನ್ನು ಹತ್ತು-ಹದಿನೈದು ವರ್ಷಕ್ಕೆ ಕರಾರು ಮಾಡಿಕೊಂಡು, ಒಳಗೆ ಗಾಜಿನ ಕೋಣೆ, ಇಂಟರ್‌ನೆಟ್, ಕಾಫಿ ಎಲ್ಲ ಇಟ್ಟು, ಸಣ್ಣಪುಟ್ಟ ಕಂಪನಿಗಳಿಗೆ ತಿಂಗಳ ಲೆಕ್ಕದಲ್ಲಿ ಒಳಬಾಡಿಗೆಗೆ ಬಿಡುವುದು. ಇದಕ್ಕೆ ಕೋವರ್ಕಿಂಗ್ ಅಂತಾರೆ. ಕುರ್ಚಿ ಖಾಲಿ ಬಿದ್ದರೂ ಕಟ್ಟಡದ ಬಾಡಿಗೆ ಕಟ್ಟಲೇಬೇಕು. ಅಂಗಡಿ ಇಟ್ಟವರಿಗೆ ಈ ಸಂಕಟ ಹೇಳಿಕೊಡಬೇಕೇ?

ಈ ವ್ಯಾಪಾರದಲ್ಲಿ ದೊಡ್ಡ ಹೆಸರು ವೀವರ್ಕ್. ಆಡಂ ನ್ಯೂಮನ್, ಮಿಗೆಲ್ ಮೆಕೆಲ್ವಿ ಇಬ್ಬರೂ ಸೇರಿ 2010ರಲ್ಲಿ ನ್ಯೂಯಾರ್ಕಿನಲ್ಲಿ ತೆರೆದದ್ದು. ‘ವೀ’ ಅಂದರೆ ನಾವು. ಅಲ್ಲಿ ಕೆಲಸಕ್ಕೆ ಸೇರಿದವರಿಗೂ ಅದೇ ಮಂತ್ರ. ಸೋಮವಾರ ಬಂತಲ್ಲಾ, ದೇವರು ದೊಡ್ಡವನು ಎಂಬರ್ಥದ ಘೋಷಣೆ! ಬೇಸಿಗೆಯಲ್ಲಿ ಶಿಬಿರ, ಹಾಡು, ಕುಣಿತ, ಕುಡಿತ. ಇವೆಲ್ಲದರ ಜೊತೆಗೆ ಸಂಬಳದೊಂದಿಗೆ ಕಂಪನಿಯ ಷೇರನ್ನು ಗೊತ್ತಾದ ಬೆಲೆಗೆ ಕೊಳ್ಳುವ ಹಕ್ಕು. ಷೇರಿನ ಬೆಲೆ ಏರಿದರೆ ಲಾಭ, ಇಳಿದರೆ ಆ ಹಕ್ಕು ಬರೀ ಕಾಗದ. ಏರೇ ಏರುತ್ತದೆ ಎಂದು ನಂಬಿ ಹಗಲು ರಾತ್ರಿ ದುಡಿದವರು ಬಹಳ ಮಂದಿ. ಊಟದ ತಟ್ಟೆಗೂ ಯಜಮಾನರ ಕೈ ಬಂತು. ಕಂಪನಿ ಖರ್ಚಿನಲ್ಲಿ ಮಾಂಸದೂಟ ಕೂಡದು ಎಂದು 2018ರಲ್ಲಿ ಅಪ್ಪಣೆಯಾಯಿತು.

2019ರ ಜನವರಿಯಲ್ಲಿ ಕಂಪನಿಗೆ ಕಟ್ಟಿದ ಬೆಲೆ 4,700 ಕೋಟಿ ಡಾಲರ್. ಷೇರನ್ನು ಸಾರ್ವಜನಿಕರಿಗೆ ಮಾರಲು ಆಗಸ್ಟಿನಲ್ಲಿ ಲೆಕ್ಕಪತ್ರ ಬಿಚ್ಚಿಟ್ಟಾಗ ಬಣ್ಣ ಬಯಲಾಯಿತು. 2018ರ ಆದಾಯ ಸುಮಾರು 180 ಕೋಟಿ ಡಾಲರ್, ನಷ್ಟ ಸುಮಾರು 190 ಕೋಟಿ! ನೂರು ರೂಪಾಯಿ ವ್ಯಾಪಾರ ಮಾಡಿ ನೂರಕ್ಕೂ ಮೇಲೆ ಕಳಕೊಂಡರೆ ನಮ್ಮ ಪೇಟೆಯಲ್ಲಿ ಯಾರಾದರೂ ಸಾಲ ಕೊಟ್ಟಾರೇ?

ಸೆಪ್ಟೆಂಬರಿನಲ್ಲಿ ನ್ಯೂಮನ್ ಕುರ್ಚಿ ಬಿಟ್ಟರು, ಷೇರು ಮಾರಾಟವೂ ನಿಂತಿತು. ಅಕ್ಟೋಬರಿನಲ್ಲಿ ಸಾಫ್ಟ್‌ಬ್ಯಾಂಕ್ ಹಣ ಹಾಕಿ ಹಿಡಿತ ತೆಗೆದುಕೊಂಡಿತು. ಆಗ ಕಂಪನಿಯ ಬೆಲೆ ಬರೇ 800 ಕೋಟಿ ಡಾಲರ್ ಆಸುಪಾಸು. ಆ ಒಪ್ಪಂದದಲ್ಲಿ ನ್ಯೂಮನ್ ಅವರಿಗೆ ಸಲಹಾ ಶುಲ್ಕ ಅಂತಲೇ 18.5 ಕೋಟಿ ಡಾಲರ್ ಬರೆಯಲಾಯಿತು. ಅದು ಮುಂದೆ ಬದಲಾಯಿತು, ನಿಜ. ಆದರೆ ಕೆಲಸಗಾರರ ಪಾಲಿಗೆ ಬಂದದ್ದೇನು? ನವೆಂಬರಿನಲ್ಲಿ ಸುಮಾರು 2,400 ಮಂದಿಗೆ ಕೆಲಸ ಹೋಯಿತು. ಕಸ ಗುಡಿಸುವ, ಕಟ್ಟಡ ನೋಡಿಕೊಳ್ಳುವ ಸಾವಿರದಷ್ಟು ಮಂದಿಯನ್ನು ಹೊರಗಿನ ಗುತ್ತಿಗೆ ಕಂಪನಿಗೆ ದಾಟಿಸುವ ತೀರ್ಮಾನವಾಯಿತು. ಬಹಳ ಜನರ ಷೇರು ಹಕ್ಕಿಗೆ ಕಿಲುಬು ಕಾಸಿನ ಬೆಲೆಯೂ ಉಳಿಯಲಿಲ್ಲ.

ಹಾಡು, ಕುಣಿತ ಮುಗಿದು ಉಳಿತಾಯದ ಲೆಕ್ಕ ಶುರುವಾಯಿತು. ಆದರೂ 2023ರ ನವೆಂಬರಿನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿ, 2024ರ ಜೂನಿನಲ್ಲಿ ಸಾಲ ಕಳಚಿಕೊಂಡು ಹೊರಬಂತು.

ಅಮೆರಿಕದ ಪುರಾಣ ನಮಗ್ಯಾಕೆ ಅನ್ನಬೇಡಿ. ಇದೇ ಹೆಸರು 2017ರಲ್ಲಿ ಬೆಂಗಳೂರಿಗೂ ಬಂದಿದೆ. ಇಲ್ಲಿ ಆಗ ಹೆಚ್ಚಿನ ಪಾಲು ಎಂಬೆಸಿ ಗುಂಪಿನದಾಗಿತ್ತು, ಆದ್ದರಿಂದ ಅಲ್ಲಿಯ ದಿವಾಳಿಗೆ ಇದು ಸಿಕ್ಕಲಿಲ್ಲ. 2025ರಲ್ಲಿ ಷೇರು ಪೇಟೆಗೂ ಕಾಲಿಟ್ಟಿತು. ಇಂಥ ವ್ಯಾಪಾರಗಳು ಬೆಂಗಳೂರಿನಲ್ಲಿ ಇನ್ನೂ ಹಲವು ಇವೆ. ನಮ್ಮ ಊರ ಹುಡುಗ ಹುಡುಗಿಯರು ಬಸ್ಸು ಹತ್ತಿ ಹೋಗುವುದು ಇಂಥ ಕಡೆಗೇ. ಅವರು ಸಹಿ ಹಾಕುವ ಮೊದಲು ಮೂರು ಮಾತು ಕೇಳಲಿ: ಸಂಬಳದಲ್ಲಿ ನಗದೆಷ್ಟು? ಕಾಗದವೆಷ್ಟು? ತೆಗೆದರೆ ಎಷ್ಟು ತಿಂಗಳ ಹಣ ಕೊಡುತ್ತೀರಿ? ಉತ್ತರ ಬಾಯಲ್ಲಿ ಬೇಡ, ಬರಹದಲ್ಲಿ ಬರಲಿ.