ಬಿರುದು ಬಂತು, ಕುರ್ಚಿ ಬರಲಿಲ್ಲ

1918ರ ಜುಲೈ ತಿಂಗಳಲ್ಲಿ ಬ್ರಿಟನ್ನಿನ ಕಲ್ಲಿದ್ದಲು ಗಣಿಗಳ ದೊಡ್ಡ ಉದ್ಯಮಿ, ಆಹಾರ ಖಾತೆಯ ಮಂತ್ರಿ ಡಿ.ಎ. ಥಾಮಸ್ ತೀರಿಕೊಂಡರು. ಅವರಿಗೆ ವೈಕೌಂಟ್ ರೊಂಡಾ ಎಂಬ ಬಿರುದಿತ್ತು. ಗಂಡುಮಕ್ಕಳಿರಲಿಲ್ಲ. ಬಿರುದು ಮಗಳಿಗೆ ಹೋಗಬಹುದು ಎಂದು ದೊರೆ ವಿಶೇಷ ಅನುಮತಿ ನೀಡಿದ್ದರಿಂದ ಒಬ್ಬಳೇ ಮಗಳು ಮಾರ್ಗರೆಟ್ ವೈಕೌಂಟೆಸ್ ರೊಂಡಾ ಆದರು. ಇದೇ ಬಿರುದು ಮಗನಿಗೆ ಬಂದಿದ್ದರೆ ಪಾರ್ಲಿಮೆಂಟಿನ ಲಾರ್ಡ್ಸ್ ಸಭೆಯಲ್ಲಿ ಒಂದು ಆಸನವೂ ಜೊತೆಗೇ ಬರುತ್ತಿತ್ತು. ಮಗಳಿಗೆ ಬರೀ ಹೆಸರು ಬಂತು, ಆಸನ ಬರಲಿಲ್ಲ.

ಮಾರ್ಗರೆಟ್ ಸುಮ್ಮನೆ ಕೂರುವ ಹೆಣ್ಣಲ್ಲ. ಮಹಿಳೆಯರ ಮತದಾನದ ಹಕ್ಕಿಗಾಗಿ ನಡೆದ ಹೋರಾಟದಲ್ಲಿ 1913ರಲ್ಲಿ ಅಂಚೆ ಪೆಟ್ಟಿಗೆಗೆ ಬೆಂಕಿಯಿಟ್ಟು ಜೈಲಿಗೆ ಹೋಗಿ, ಅಲ್ಲಿ ಉಪವಾಸ ಕೂತವರು. 1915ರಲ್ಲಿ ಜರ್ಮನರು ಲುಸಿಟಾನಿಯ ಹಡಗನ್ನು ಮುಳುಗಿಸಿದಾಗ ಸಮುದ್ರದಲ್ಲಿ ಗಂಟೆಗಟ್ಟಲೆ ತೇಲಿ ಬದುಕಿ ಬಂದವರು. 1920ರಲ್ಲಿ ‘ಟೈಮ್ ಅಂಡ್ ಟೈಡ್’ ಎಂಬ ವಾರಪತ್ರಿಕೆಯನ್ನು ಸ್ಥಾಪಿಸಿದವರು.

ಮೂರು ದಾರಿಗಳು

ಬ್ರಿಟನ್ನಿನ ಶ್ರೀಮಂತ ವರ್ಗದಲ್ಲಿ ಐದು ಮೆಟ್ಟಿಲುಗಳಿವೆ: ಡ್ಯೂಕ್, ಮಾರ್ಕ್ವೆಸ್, ಅರ್ಲ್, ವೈಕೌಂಟ್, ಬ್ಯಾರನ್. ಇವುಗಳ ಸ್ತ್ರೀ ರೂಪಗಳು ಡಚೆಸ್, ಮಾರ್ಷನೆಸ್, ಕೌಂಟೆಸ್, ವೈಕೌಂಟೆಸ್, ಬ್ಯಾರನೆಸ್. ಹೆಣ್ಣೊಬ್ಬಳು ಈ ಮೆಟ್ಟಿಲನ್ನು ಮೂರು ದಾರಿಗಳಲ್ಲಿ ಏರಬಹುದು: ಹುಟ್ಟಿನಿಂದ, ಮದುವೆಯಿಂದ, ನೇಮಕದಿಂದ.

ಮದುವೆಯ ದಾರಿ ಸುಲಭ. ಡ್ಯೂಕನನ್ನು ವರಿಸಿದವಳು ಡಚೆಸ್. ಆದರೆ ಬ್ಯಾರನೆಸ್ ಒಬ್ಬಳನ್ನು ಮದುವೆಯಾದ ಗಂಡಿಗೆ ಆ ಕಾರಣದಿಂದ ಯಾವ ಬಿರುದೂ ಇಲ್ಲ!

ಹುಟ್ಟಿನ ದಾರಿ ಕಿರಿದು. ಹೆಚ್ಚಿನ ಬಿರುದುಗಳು ಗಂಡುಮಕ್ಕಳಿಗೇ ಮೀಸಲು. ಕೆಲವು ಹಳೆಯ ಇಂಗ್ಲಿಷ್ ಬ್ಯಾರನ್ ಪದವಿಗಳು ಹೆಣ್ಣುಮಕ್ಕಳಿಗೂ ಸಲ್ಲುತ್ತವೆ, ಆದರೆ ಅಲ್ಲೂ ಒಂದು ವಿಚಿತ್ರವಿದೆ. ಗಂಡುಮಕ್ಕಳಲ್ಲಿ ಹಿರಿಯವನಿಗೆ ಬಿರುದು ನೇರವಾಗಿ ಹೋಗುತ್ತದೆ. ಬರೀ ಹೆಣ್ಣುಮಕ್ಕಳಿದ್ದರೆ ಎಲ್ಲರೂ ಸಮಾನ ಹಕ್ಕುದಾರರು. ಹೀಗಾಗಿ ಯಾರಿಗೂ ಸಲ್ಲದೆ ಬಿರುದು ತೂಗುಯ್ಯಾಲೆಯಲ್ಲಿ ಉಳಿಯುತ್ತದೆ.

ಒಂದು ವಾಕ್ಯದ ಆಸೆ

1919ರಲ್ಲಿ ಬಂದ ಒಂದು ಕಾನೂನು, ಹೆಣ್ಣೆಂಬ ಕಾರಣಕ್ಕೆ ಯಾರೂ ಸಾರ್ವಜನಿಕ ಕೆಲಸಕ್ಕೆ ಅನರ್ಹರಲ್ಲ ಎಂದು ಸಾರಿತು. ಇದನ್ನೇ ಹಿಡಿದು ಮಾರ್ಗರೆಟ್ ತಮ್ಮ ಆಸನ ಕೇಳಿದರು. 1922ರ ಮಾರ್ಚ್‌ನಲ್ಲಿ ಲಾರ್ಡ್ಸ್ ಸಭೆಯ ಸಮಿತಿ ಅವರ ಪರವಾಗಿ ತೀರ್ಮಾನಿಸಿತು. ಗೆದ್ದೆವೆಂದು ಬೆಂಬಲಿಗರು ಸಂಭ್ರಮಿಸುವಷ್ಟರಲ್ಲಿ ಲಾರ್ಡ್ ಚಾನ್ಸಲರ್ ಬರ್ಕನ್‌ಹೆಡ್ ಅಡ್ಡ ಬಂದರು. ವಿಷಯ ಮತ್ತೆ ದೊಡ್ಡದೊಂದು ಸಮಿತಿಯ ಮುಂದೆ ಹೋಗಿ ಮೇ ತಿಂಗಳಲ್ಲಿ ಬಿದ್ದುಹೋಯಿತು. ಕಾನೂನು ಅಡ್ಡಿಯನ್ನು ತೆಗೆದಿದೆಯೇ ಹೊರತು ಹೊಸ ಹಕ್ಕನ್ನು ಕೊಟ್ಟಿಲ್ಲ ಎಂಬುದು ಅಲ್ಲಿ ಮೇಲುಗೈ ಪಡೆದ ವಾದ. ಕಾಮನ್ಸ್ ಸಭೆಯಲ್ಲಿ 1919ರಿಂದಲೇ ನ್ಯಾನ್ಸಿ ಆಸ್ಟರ್ ಕುಳಿತಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. ಜನ ಆರಿಸಿದ ಹೆಣ್ಣಿಗೆ ಬಾಗಿಲು ತೆರೆದಿತ್ತು, ಹುಟ್ಟಿನಿಂದ ಬಂದವಳಿಗೆ ಮುಚ್ಚಿತ್ತು.

ಆ ಬಾಗಿಲು ತೆರೆಯಲು ಇನ್ನೂ 36 ವರ್ಷ ಹಿಡಿಯಿತು. 1958ರ ಏಪ್ರಿಲ್‌ನಲ್ಲಿ ಬಂದ ಕಾನೂನು ಗಂಡು, ಹೆಣ್ಣೆನ್ನದೆ ಯೋಗ್ಯರನ್ನು ಅವರ ಜೀವಮಾನದ ಮಟ್ಟಿಗೆ ನೇಮಿಸಲು ಅವಕಾಶ ಕೊಟ್ಟಿತು. ಮಾರ್ಗರೆಟ್ ಅದೇ ಜುಲೈ 20ರಂದು ತೀರಿಕೊಂಡರು. ಮೊದಲ ಮಹಿಳೆಯರು ಸಭೆಯಲ್ಲಿ ಕುಳಿತದ್ದು ಅಕ್ಟೋಬರ್‌ನಲ್ಲಿ.

ನಮಗೆ ಪರಿಚಿತ ಹೆಸರುಗಳು

ಆ ವರ್ಷ ನೇಮಕಗೊಂಡ ನಾಲ್ವರು ಮಹಿಳೆಯರಲ್ಲಿ ಇಬ್ಬರ ಹಿಂದೆ ನಮ್ಮ ಇತಿಹಾಸ ಪಾಠದ ಹೆಸರುಗಳಿವೆ. ಬಂಗಾಳವನ್ನು ವಿಭಜಿಸಿದ ಲಾರ್ಡ್ ಕರ್ಜನ್‌ರ ಹಿರಿಯ ಮಗಳು ಐರೀನ್ ಒಬ್ಬರು. 1925ರಿಂದಲೇ ಅವರು ಹುಟ್ಟಿನ ಹಕ್ಕಿನಿಂದ ಬ್ಯಾರನೆಸ್ ರಾವೆನ್ಸ್‌ಡೇಲ್. ಆದರೂ ಕೂರಲು ಆಸನ ಸಿಕ್ಕಿದ್ದು ನೇಮಕದಿಂದ. ಇನ್ನೊಬ್ಬರು ಸ್ಟೆಲ್ಲಾ. ವೈಸರಾಯ್ ರೀಡಿಂಗ್‌ರ ಸಿಬ್ಬಂದಿಯಲ್ಲಿ ಭಾರತದಲ್ಲಿ ದುಡಿದು, 1931ರಲ್ಲಿ ಅವರನ್ನೇ ಮದುವೆಯಾಗಿ ಮಾರ್ಷನೆಸ್ ಆದವರು. ವಿಧವೆಯಾದ ಮೇಲೆ, 1938ರಲ್ಲಿ ಮಹಿಳಾ ಸ್ವಯಂಸೇವಾ ಪಡೆ ಕಟ್ಟಿದರು. ಅವರಿಗೆ ಆಸನ ತಂದದ್ದು ಗಂಡನ ಬಿರುದಲ್ಲ, ಈ ಸೇವೆ.

ಮೂರನೆಯವರಾದ ಬಾರ್ಬರಾ ವೂಟನ್‌ಗೆ ತಂದೆಯ ಕಡೆಯಿಂದಾಗಲಿ ಗಂಡನ ಕಡೆಯಿಂದಾಗಲಿ ಬಿರುದಿರಲಿಲ್ಲ. ಮದುವೆಯಾದ ಕೆಲವೇ ವಾರಗಳಲ್ಲಿ ಗಂಡ ಮೊದಲ ಮಹಾಯುದ್ಧದಲ್ಲಿ ಮಡಿದಿದ್ದರು. ಕೇಂಬ್ರಿಜ್‌ನ ಅರ್ಥಶಾಸ್ತ್ರ ಪರೀಕ್ಷೆಯಲ್ಲಿ ಪ್ರಥಮ ದರ್ಜೆ ಗಳಿಸಿದರೂ ಹೆಸರಿನ ಮುಂದೆ ಬಿ.ಎ. ಎಂದು ಬರೆದುಕೊಳ್ಳುವಂತಿರಲಿಲ್ಲ. ಕೇಂಬ್ರಿಜ್ ಮಹಿಳೆಯರಿಗೆ ಪೂರ್ಣ ಪದವಿ ಕೊಡತೊಡಗಿದ್ದು 1948ರಲ್ಲಿ. ಇಂಥವರು ವಿದ್ಯೆಯ ಬಲದಿಂದಲೇ ಲಾರ್ಡ್ಸ್ ಸಭೆಗೆ ಬಂದರು. ನಾಲ್ಕನೆಯವರು ಕ್ಯಾಥರಿನ್ ಎಲಿಯಟ್.

ಹುಟ್ಟಿನಿಂದ ಬಿರುದು ಪಡೆದ ಹೆಂಗಸರಿಗೆ ಆಸನ ಸಿಕ್ಕಿದ್ದು 1963ರ ಕಾನೂನಿನಿಂದ. 1999ರಲ್ಲಿ ಬಂದ ಇನ್ನೊಂದು ಕಾನೂನು, ಹುಟ್ಟಿನಿಂದ ಬಂದ ಸದಸ್ಯರಲ್ಲಿ ಬಹುಪಾಲು ಜನರನ್ನು, ಗಂಡು ಹೆಣ್ಣೆನ್ನದೆ, ಹೊರಗೆ ಕಳುಹಿಸಿತು! ಅಷ್ಟರಲ್ಲಿ ನೇಮಕದ ದಾರಿ ಅಗಲವಾಗಿತ್ತು. ಲಾಹೋರಿನಲ್ಲಿ ಹುಟ್ಟಿದ ಶ್ರೀಲಾ ಫ್ಲೇದರ್ 1990ರಲ್ಲಿ ಸೀರೆಯುಟ್ಟೇ ಆ ಸಭೆ ಪ್ರವೇಶಿಸಿದ ಮೊದಲ ಏಷ್ಯನ್ ಮಹಿಳೆ. ಮಾರ್ಗರೆಟ್ ಥ್ಯಾಚರ್ ಅವರದು ಇನ್ನೂ ಸ್ವಾರಸ್ಯದ ಕಥೆ. 1990ರಲ್ಲಿ ಗಂಡನಿಗೆ ಬ್ಯಾರನೆಟ್ ಪದವಿ ಸಿಕ್ಕಿದ್ದರಿಂದ ‘ಲೇಡಿ’ ಎನಿಸಿಕೊಳ್ಳಬಹುದಾಗಿದ್ದ ಮಾಜಿ ಪ್ರಧಾನಿ, 1992ರಲ್ಲಿ ಸ್ವಂತ ಹೆಸರಿನಲ್ಲೇ ಬ್ಯಾರನೆಸ್ ಆದರು.

ನಮ್ಮಲ್ಲಿ ಹೇಗೆ?

ನಮ್ಮ ಸಂವಿಧಾನದ 18ನೇ ವಿಧಿ ಇಂಥ ಬಿರುದುಗಳನ್ನೇ ರದ್ದು ಮಾಡಿದೆ. ಸರ್ಕಾರ ಕೊಡಬಹುದಾದವು ಸೈನ್ಯದ ಮತ್ತು ವಿದ್ಯೆಯ ಗೌರವಗಳು ಮಾತ್ರ. ಪದ್ಮ ಪ್ರಶಸ್ತಿಗಳು ಬಿರುದಲ್ಲ, ಅವನ್ನು ಹೆಸರಿನ ಹಿಂದೆ ಮುಂದೆ ಸೇರಿಸಿಕೊಳ್ಳಬಾರದು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಸ್ಪಷ್ಟಪಡಿಸಿತು.

ಹಾಗಾದರೆ ದೂರದ ಈ ಕಥೆಯಿಂದ ನಮಗೇನು? ಗೌರವ ಬೇರೆ, ಅಧಿಕಾರ ಬೇರೆ. ಹೆಣ್ಣನ್ನು ಮನೆಯ ಲಕ್ಷ್ಮಿ ಎಂದು ಕರೆದು, ಮನೆಯ ತೀರ್ಮಾನ ಮಾಡುವಾಗ ಮಾತ್ರ ಕೇಳದೇ ಇರುವುದು ನಮ್ಮಲ್ಲೂ ಇದೆ. 2005ರ ತಿದ್ದುಪಡಿಯ ನಂತರ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳು ಹುಟ್ಟಿನಿಂದಲೇ ಮಗನಷ್ಟೇ ಪಾಲುದಾರಳು. ಆ ಪಾಲು ಕಾಗದದಲ್ಲಷ್ಟೇ ಉಳಿಯದೆ ಅವಳ ಕೈಗೆ ಸೇರುವುದೇ ಎಂಬುದು ಪ್ರತಿ ಮನೆಯವರೂ ಉತ್ತರಿಸಬೇಕಾದ ಪ್ರಶ್ನೆ.