ಸೂಜಿಗೆ ಮೊದಲು ಎರಡು ಹನಿ

ಆಳಂದ ತಾಲ್ಲೂಕಿನ ಮಟಕಿಯಂಥ ಊರುಗಳಿಂದ ಕಣ್ಣಿನ ಪೊರೆ ತೆಗೆಸಲು ಕಲಬುರಗಿಗೆ ಬರುವ ಹಿರಿಯರಿಗೆ ಆಪರೇಷನ್ನಿಗೆ ಮುಂಚೆ ಸಾಮಾನ್ಯವಾಗಿ ಒಂದು ಪರೀಕ್ಷೆ ಮಾಡುತ್ತಾರೆ. ಕಣ್ಣೀರು ಮೂಗಿಗೆ ಇಳಿಯುವ ನಾಳ ತೆರೆದಿದೆಯೇ ಎಂದು ನೋಡುವ ಪರೀಕ್ಷೆ ಅದು. ನಾಳ ಕಟ್ಟಿ, ಕಣ್ಣೀರಿನ ಚೀಲದಲ್ಲಿ ಕೀವು ನಿಂತಿದ್ದರೆ, ಆ ಸೋಂಕು ಆಪರೇಷನ್ ಆದ ಕಣ್ಣಿನೊಳಗೆ ಹೊಕ್ಕು ದೃಷ್ಟಿಯನ್ನೇ ಕಳೆಯಬಹುದು.

ರೆಪ್ಪೆಗಳ ಒಳಮೂಲೆಯಲ್ಲಿ, ಮೇಲೊಂದು ಕೆಳಗೊಂದು, ಸುಮಾರು 0.3 ಮಿ.ಮೀ. ಅಗಲದ ತೂತುಗಳಿವೆ. ಕೆಳಗಿನ ತೂತಿನಿಂದ ನಳಿಕೆ 2 ಮಿ.ಮೀ. ನೆಟ್ಟಗೆ ಇಳಿದು, ಮೂಗಿನ ಕಡೆ ತಿರುಗಿ, ಇನ್ನೂ 8 ಮಿ.ಮೀ.ನಷ್ಟು ಸಾಗಿ ಚೀಲ ಸೇರುತ್ತದೆ. ವೈದ್ಯರು ತೂತನ್ನು ಹಿಗ್ಗಿಸಿ, ಮೊಂಡು ತುದಿಯ ಸೂಜಿ ತೂರಿಸಿ ಸಲೈನ್ ಬಿಡುತ್ತಾರೆ. “ಯವ್ವಾ, ಗಂಟಲದಾಗ ಉಪ್ಪುಪ್ಪು ಬಂತೇನು?” ಬಂತು ಎಂದರೆ ದಾರಿ ಸರಿಯಾಗಿದೆ. ನೀರು ಕಣ್ಣಿಗೇ ಮರಳಿದರೆ ಎಲ್ಲೋ ಕಟ್ಟಿದೆ.

ಇಷ್ಟು ಸೂಕ್ಷ್ಮ ಜಾಗಕ್ಕೆ ಕೈ ಹಾಕುವ ಮೊದಲು ಬೀಳಬೇಕಾದ್ದು ಅರಿವಳಿಕೆ ಹನಿ, ಹೆಚ್ಚಾಗಿ ಶೇ. 0.5ರ ಪ್ರೊಪಾರಕೇನ್. ಸೋಡಿಯಂ ಅಯಾನುಗಳು ನರದೊಳಗೆ ನುಗ್ಗಿದಾಗಲೇ ನೋವಿನ ಸಂದೇಶ ಮುಂದೆ ಸಾಗುವುದು. ಔಷಧ ಆ ಬಾಗಿಲನ್ನೇ ಮುಚ್ಚುತ್ತದೆ. ಹಾಕಿದೊಡನೆ ಕಣ್ಣು ಚುರುಗುಟ್ಟಿ, ಅರ್ಧ ನಿಮಿಷದಲ್ಲಿ ಮರಗಟ್ಟುತ್ತದೆ. ಪರಿಣಾಮ ಸುಮಾರು 15 ನಿಮಿಷ. ಈ ದಾರಿ ತೆರೆದವರು ವಿಯೆನ್ನಾದ ವೈದ್ಯ ಕಾರ್ಲ್ ಕೋಲರ್. 1884ರಲ್ಲಿ ಅವರು ಕೊಕೇನ್ ದ್ರಾವಣವನ್ನು ಪ್ರಾಣಿಗಳ ಕಣ್ಣಿಗೂ ತಮ್ಮ ಕಣ್ಣಿಗೂ ಹಾಕಿ, ಗುಂಡುಸೂಜಿಯಿಂದ ಮುಟ್ಟಿ ನೋಡಿದರು. ನೋಯಲಿಲ್ಲ.

ಹನಿಗೂ ಮಿತಿಯಿದೆ. ಅದು ಮೇಲ್ಮೈಯನ್ನು ಚೆನ್ನಾಗಿ ಮರಗಟ್ಟಿಸುತ್ತದೆ, ನಳಿಕೆಯ ಒಳಗೋಡೆಯನ್ನು ಅಷ್ಟಾಗಿ ಅಲ್ಲ. ಹಾಗಾಗಿ ಔಷಧದಲ್ಲಿ ನೆನೆಸಿದ ಹತ್ತಿಯನ್ನು ತೂತಿನ ಮೇಲೆ ಕೆಲವು ನಿಮಿಷ ಇಡುವ ಪದ್ಧತಿಯೂ ಇದೆ. ಒತ್ತಿದ ಅನುಭವ ಆಗಲೂ ಉಳಿಯುತ್ತದೆ. ಅದನ್ನು ಮೊದಲೇ ಹೇಳಿದರೆ ರೋಗಿ ಬೆದರುವುದಿಲ್ಲ. ನೋವಿಗೆ ತಲೆ ಕೊಸರಿದರೆ ಸೂಜಿ ಗೋಡೆಗೆ ತಾಗಿ, ಇಲ್ಲದ ದಾರಿ ಕೊರೆದೀತು. ಆದ್ದರಿಂದ ಹನಿ ಹಾಕಿ ಕಾಯುವುದು ಚಿಕಿತ್ಸೆಯದೇ ಭಾಗ. ಸಾಲು ಎಷ್ಟೇ ಉದ್ದವಿರಲಿ, ಆ ಅರ್ಧ ನಿಮಿಷವನ್ನು ಉಳಿಸಬಾರದು.

ಹನಿ ಹಿತವಾಗಿತ್ತೆಂದು ಬಾಟಲಿಯನ್ನು ಮನೆಗೆ ಒಯ್ಯಬೇಡಿ. ಪದೇ ಪದೇ ಹಾಕಿದರೆ ಕಾರ್ನಿಯಾದ ಗಾಯ ಮಾಯದೆ ಹುಣ್ಣಾಗುತ್ತದೆ. ಪರೀಕ್ಷೆಯ ನಂತರ ಸ್ಪರ್ಶ ಮರಳುವವರೆಗೆ ಕಣ್ಣುಜ್ಜಬೇಡಿ. ಧೂಳು ಬಿದ್ದು ಗೀರಿದರೂ ಆಗ ತಿಳಿಯುವುದಿಲ್ಲ. ಕಣ್ಣಿಂದ ಸದಾ ನೀರು ಸುರಿಯುತ್ತಿದ್ದರೆ, ಒಳಮೂಲೆ ಒತ್ತಿದಾಗ ಕೀವು ಬಂದರೆ, ನೋವಿಗೆ ಹೆದರಿ ಮನೆಯಲ್ಲಿ ಕೂರಬೇಡಿ. “ಹನಿ ಹಾಕ್ತೀರೇನ್ರಿ?” ಎಂದು ಕೇಳಿ, ಹಾಕಿಸಿಕೊಂಡು ಪರೀಕ್ಷೆ ಮಾಡಿಸಿಕೊಳ್ಳಿ.