ತ್ರಿವಲಯೌಷಧಗಳು: ವಿಷಾದರೋಗದ ಚಿಕಿತ್ಸೆಯಲ್ಲಿ ಮಾತ್ರೆ ಮತ್ತು ಕಾಲ

ವಿಷಾದವೆಂಬ ಶಬ್ದವು ಸಾಹಿತ್ಯಾಭ್ಯಾಸಿಗಳಿಗೆ ಹೊಸದಲ್ಲ. ಅಲಂಕಾರಶಾಸ್ತ್ರಜ್ಞರು ಹೇಳುವ ಮೂವತ್ತುಮೂರು ವ್ಯಭಿಚಾರಿಭಾವಗಳಲ್ಲಿ ಅದೂ ಒಂದು. ಸ್ಥಾಯಿಯನ್ನು ಆಶ್ರಯಿಸಿ ಬಂದು ಹೋಗುವುದೇ ಅದರ ಲಕ್ಷಣ. ವೈದ್ಯರು ವಿಷಾದರೋಗವೆಂದೂ ಖಿನ್ನತೆಯೆಂದೂ ಕರೆಯುವುದಾದರೋ ಬಂದು ಹೋಗುವ ಭಾವವಲ್ಲ, ಬಂದು ನಿಲ್ಲುವ ವ್ಯಾಧಿ. ಎರಡು ವಾರಗಳಿಗೆ ಕಡಿಮೆಯಿಲ್ಲದಂತೆ ದಿನದ ಬಹುಭಾಗವೂ ಮನಸ್ಸು ಕುಗ್ಗಿರುವುದು, ಯಾವುದರಲ್ಲಿಯೂ ಆಸಕ್ತಿಯಿಲ್ಲದಿರುವುದು, ನಿದ್ರಾಹಾರಗಳು ಕೆಡುವುದು, ತಾನು ನಿಷ್ಪ್ರಯೋಜಕನೆಂಬ ಭಾವನೆ, ಮರಣಚಿಂತೆ ಇವೇ ಮೊದಲಾದುವು ಅದರ ಚಿಹ್ನೆಗಳು. ಈ ವ್ಯಾಧಿಗೆ ಮೊದಮೊದಲು ದೊರೆತ ಔಷಧಗಳಲ್ಲಿ ತ್ರಿವಲಯೌಷಧಗಳು ಮುಖ್ಯವಾದುವು. ಅವು ಕೆಲಸಮಾಡುವ ಬಗೆಯನ್ನೂ ಅವನ್ನು ಅಪಾಯವಿಲ್ಲದೆ ಬಳಸುವ ಕ್ರಮವನ್ನೂ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

೧. ಉತ್ಪತ್ತಿ

ಸ್ವಿಟ್ಸರ್ಲೆಂಡಿನ ಕಾನ್‌ಸ್ಟಾನ್ಸ್ ಸರೋವರದ ತೀರದಲ್ಲಿ ಮ್ಯೂನ್‌ಸ್ಟರ್‌ಲಿಂಗನ್ ಎಂಬ ಊರಿದೆ. ಅಲ್ಲಿಯ ಮಾನಸಿಕ ಚಿಕಿತ್ಸಾಲಯದ ವೈದ್ಯನಾಗಿದ್ದ ರೋಲಾಂಡ್ ಕೂನ್ ಎಂಬಾತನು ಬಾಸೆಲ್ ನಗರದ ಗೈಗಿ ಕಂಪನಿಯವರು ಒದಗಿಸಿದ ಹೊಸ ದ್ರವ್ಯವೊಂದನ್ನು ಪರೀಕ್ಷಿಸುತ್ತಿದ್ದನು. ಚಿತ್ತವಿಕಲರನ್ನು ಶಾಂತಗೊಳಿಸುವುದರಲ್ಲಿ ಆಗತಾನೆ ಪ್ರಸಿದ್ಧವಾಗಿದ್ದ ಕ್ಲೋರ್‌ಪ್ರೊಮಝೀನನ್ನು ಅದು ರಚನೆಯಲ್ಲಿ ಬಹಳವಾಗಿ ಹೋಲುತ್ತಿದ್ದಿತು. ಆದುದರಿಂದ ಗುಣದಲ್ಲಿಯೂ ಹೋಲಬಹುದೆಂದು ನಿರೀಕ್ಷಿಸಿದ್ದರು. ಆ ನಿರೀಕ್ಷೆ ಫಲಿಸಲಿಲ್ಲ. ಚಿತ್ತವಿಕಲರಲ್ಲಿ ಕೆಲವರು ಇನ್ನಷ್ಟು ಉದ್ರಿಕ್ತರಾದರು. ೧೯೫೬ರಲ್ಲಿ ಕೂನನು ಅದನ್ನು ವಿಷಾದರೋಗಿಗಳಿಗೆ ಕೊಟ್ಟು ನೋಡಲಾಗಿ ಅವರ ಮನಸ್ಸು ತಿಳಿಯಾಗುತ್ತ ಬಂದಿತು. ೧೯೫೭ರಲ್ಲಿ ಅವನು ಇದನ್ನು ಪ್ರಕಟಿಸಿದನು. ಇದೇ ಇಮಿಪ್ರಮೀನ್. ಅಮಿಟ್ರಿಪ್ಟಿಲೀನ್, ನಾರ್‌ಟ್ರಿಪ್ಟಿಲೀನ್, ಕ್ಲೋಮಿಪ್ರಮೀನ್ ಮುಂತಾದುವು ಇದರ ತರುವಾಯ ಬಂದುವು.

ಇವುಗಳ ಅಣುವಿನಲ್ಲಿ ಮೂರು ವಲಯಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ತ್ರಿವಲಯವೆಂಬ ಹೆಸರು ಸಾರ್ಥಕವಾಗಿದೆ. ಇಕ್ಕೆಲಗಳಲ್ಲಿ ಎರಡು ಬೆನ್ಝೀನ್ ವಲಯಗಳು, ನಡುವೆ ಏಳು ಪರಮಾಣುಗಳ ವಲಯ, ಅದರಿಂದ ಬಾಲದಂತೆ ಹೊರಟ ಸಾರಜನಕಯುಕ್ತವಾದ ಸರಪಣಿ: ಇದು ಇಮಿಪ್ರಮೀನಿನ ಸ್ವರೂಪ.

೨. ಕ್ರಿಯೆಯ ಬಗೆ

ಮಿದುಳಿನ ನರಕೋಶಗಳು ಒಂದನ್ನೊಂದು ಮುಟ್ಟುವುದಿಲ್ಲ. ನಡುವೆ ಅತಿಸೂಕ್ಷ್ಮವಾದ ತೆರಪು ಇರುವುದು. ಒಂದು ಕೋಶವು ಸ್ರವಿಸಿದ ದ್ರವ್ಯವು ಆ ತೆರಪನ್ನು ದಾಟಿ ಎದುರಿನ ಕೋಶದ ಗ್ರಾಹಕಗಳನ್ನು ಸೇರಿ ವಾರ್ತೆಯನ್ನು ಮುಟ್ಟಿಸುತ್ತದೆ. ನಾರ್ಅಡ್ರಿನಲೀನ್, ಸಿರಟೋನಿನ್ ಎಂಬುವು ಇಂತಹ ದ್ರವ್ಯಗಳು. ಕೆಲಸ ಮುಗಿದೊಡನೆ ಸ್ರವಿಸಿದ ಕೋಶವೇ ಅವನ್ನು ಮರಳಿ ಹೀರಿಕೊಳ್ಳುತ್ತದೆ. ಈ ಮರುಹೀರಿಕೆಯನ್ನು ಇಮಿಪ್ರಮೀನು ತಡೆಯುವುದೆಂದು ಅಮೆರಿಕದ ಜೂಲಿಯಸ್ ಆಕ್ಸೆಲ್‌ರಾಡ್ ಮತ್ತು ಅವನ ಸಹೋದ್ಯೋಗಿಗಳು ೧೯೬೧ರಲ್ಲಿ ತೋರಿಸಿದರು. ಆಕ್ಸೆಲ್‌ರಾಡನಿಗೆ ೧೯೭೦ರಲ್ಲಿ ನೊಬೆಲ್ ಪಾರಿತೋಷಕದ ಒಂದು ಪಾಲು ದೊರೆಯಿತು.

ಈ ವಿಚಾರಕ್ಕೆ ನಮ್ಮ ದೇಶದ ಸರ್ಪಗಂಧದ ಬೇರೂ ಸಹಾಯವಾಯಿತೆಂಬುದು ಗಮನಾರ್ಹ. ಉನ್ಮಾದಕ್ಕೂ ರಕ್ತದ ಒತ್ತಡಕ್ಕೂ ಅದು ಮದ್ದೆಂದು ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸರು ೧೯೩೧ರಲ್ಲಿ ಬರೆದಿದ್ದರು. ೧೯೫೨ರಲ್ಲಿ ಅದರಿಂದ ಬೇರ್ಪಡಿಸಲ್ಪಟ್ಟ ರಿಸರ್ಪೀನನ್ನು ಪ್ರಾಣಿಗಳಿಗೆ ಕೊಟ್ಟರೆ ಮೇಲ್ಕಂಡ ದ್ರವ್ಯಗಳ ದಾಸ್ತಾನು ಬರಿದಾಗಿ ಅವು ಜಡವಾಗುತ್ತಿದ್ದುವು. ತ್ರಿವಲಯೌಷಧವು ಆ ಜಡತೆಯನ್ನು ತಡೆಯುತ್ತಿದ್ದಿತು.

ಹಾಗಾದರೆ ಈ ದ್ರವ್ಯಗಳ ಕೊರತೆಯೇ ರೋಗವೆಂದು ಹೇಳಿಬಿಡಬಹುದೆ? ಹೇಳಲಾಗದು. ಮರುಹೀರಿಕೆಯ ತಡೆ ಕೆಲವು ಗಂಟೆಗಳಲ್ಲೇ ಉಂಟಾಗುತ್ತದೆ. ಮನಸ್ಸು ಹಗುರವಾಗುವುದಕ್ಕೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳು ಬೇಕು. ಈ ಅವಧಿಯಲ್ಲಿ ಗ್ರಾಹಕಗಳೂ ನರಕೋಶಗಳ ಒಳಗಣ ವ್ಯಾಪಾರಗಳೂ ಮೆಲ್ಲಮೆಲ್ಲನೆ ಮಾರ್ಪಡುವುವು. ಕೊರತೆಯನ್ನು ತುಂಬುವುದಕ್ಕಿಂತ ಈ ಮಾರ್ಪಾಟೇ ಮುಖ್ಯವೆಂದು ಈಗಿನ ವಿದ್ವಾಂಸರ ಮತ.

೩. ದೋಷಗಳು

ಗುಣವು ತಡವಾಗಿ ಬರುವುದಾದರೆ ದೋಷಗಳು ಮೊದಲ ದಿನವೇ ತೋರುವುವು. ತ್ರಿವಲಯೌಷಧವು ತನಗೆ ಸಂಬಂಧಪಡದ ಬೇರೆ ಗ್ರಾಹಕಗಳನ್ನೂ ಮುಚ್ಚುವುದೇ ಇದಕ್ಕೆ ಕಾರಣ. ಅಸಿಟೈಲ್‌ಕೋಲೀನಿನ ಗ್ರಾಹಕಗಳು ಮುಚ್ಚಿದಾಗ ಬಾಯಿ ಒಣಗುವುದು, ಮಲಬದ್ಧತೆ, ದೃಷ್ಟಿ ಮಸುಕಾಗುವುದು, ಮೂತ್ರ ತಡೆಯುವುದು. ಹಿಸ್ಟಮೀನಿನವು ಮುಚ್ಚಿದಾಗ ತೂಕಡಿಕೆ, ಮೈ ಬೆಳೆಯುವುದು. ರಕ್ತನಾಳಗಳನ್ನು ಬಿಗಿಹಿಡಿಯತಕ್ಕವು ಮುಚ್ಚಿದಾಗ ಎದ್ದುನಿಂತೊಡನೆ ಕಣ್ಣು ಕತ್ತಲೆಗೂಡುವುದು. ವೃದ್ಧರು ಹೀಗೆ ಬಿದ್ದು ಮೂಳೆ ಮುರಿದುಕೊಳ್ಳುವುದುಂಟು.

ಹೃದಯದ ಮೇಲಣ ಪರಿಣಾಮವು ಇವೆಲ್ಲಕ್ಕಿಂತ ಘೋರವಾದುದು. ಹೃದಯಕೋಶಗಳೊಳಕ್ಕೆ ಸೋಡಿಯಂ ಹೋಗುವ ದ್ವಾರಗಳನ್ನು ಈ ಔಷಧವು ತಡೆಯುವುದರಿಂದ, ಪ್ರಮಾಣ ಮೀರಿದರೆ ಹೃದಯದ ಬಡಿತ ಕ್ರಮಗೆಟ್ಟು ಪ್ರಾಣಹಾನಿಯಾಗಬಹುದು. ಹಿತವಾದ ಪ್ರಮಾಣಕ್ಕೂ ಮಾರಕವಾದ ಪ್ರಮಾಣಕ್ಕೂ ನಡುವಣ ಅಂತರ ಕಿರಿದು. ಮರಣಚಿಂತೆಯೇ ಚಿಹ್ನೆಯಾಗಿರುವ ರೋಗಕ್ಕೆ ಮಾರಕವಾಗಬಲ್ಲ ಮದ್ದನ್ನು ಕೊಡಬೇಕಾಗಿರುವುದು ಇಲ್ಲಿಯ ಸಂಕಟ. ೧೯೮೦ರ ದಶಕದ ಕೊನೆಯಿಂದ ಫ್ಲುಆಕ್ಸಿಟೀನ್ ಮೊದಲಾದ ನಿರಪಾಯತರ ಔಷಧಗಳು ಮುಂದೆ ಬಂದುದಕ್ಕೆ ಇದೇ ಮುಖ್ಯ ಕಾರಣ. ಆದರೂ ಅವುಗಳಿಂದ ಗುಣಹೊಂದದವರಿಗೆ ತ್ರಿವಲಯೌಷಧಗಳು ಇಂದಿಗೂ ಬೇಕಾಗಿವೆ. ನರಗಳ ನೋವಿಗೂ ಅರೆತಲೆನೋವಿನ ನಿವಾರಣೆಗೂ ಅಮಿಟ್ರಿಪ್ಟಿಲೀನನ್ನು ಅಲ್ಪಪ್ರಮಾಣದಲ್ಲಿ ಕೊಡುವುದುಂಟು.

೪. ಪ್ರಯೋಗವಿಧಿ

ಮಾತ್ರೆಯೆಂದರೆ ಅಳತೆ. ಛಂದಸ್ಸಿನಲ್ಲಿ ಅದು ಉಚ್ಚಾರಣಕಾಲದ ಅಳತೆ. ವೈದ್ಯದಲ್ಲಿ ಔಷಧದ ಅಳತೆಯಾಗಿ, ಬಳಕೆಯಲ್ಲಿ ಗುಳಿಗೆಗೇ ಹೆಸರಾಗಿದೆ. ಪ್ರಕೃತದಲ್ಲಿ ಎರಡು ಅಳತೆಗಳೂ ಬೇಕು.

ಪ್ರಮಾಣದ ವಿಷಯದಲ್ಲಿ: ಪ್ರಾಯದವರಿಗೆ ಅಮಿಟ್ರಿಪ್ಟಿಲೀನನ್ನು ಸಾಮಾನ್ಯವಾಗಿ ರಾತ್ರಿ ೨೫ ಮಿಲಿಗ್ರಾಮಿನಿಂದ ಮೊದಲುಮಾಡಿ, ವೈದ್ಯರು ರೋಗಿಯನ್ನು ನೋಡುತ್ತ ದಿನಕ್ಕೆ ೭೫ರಿಂದ ೧೫೦ರವರೆಗೆ ಏರಿಸುವರು. ವೃದ್ಧರಿಗೆ ಇನ್ನೂ ಕಡಿಮೆ ಸಾಕು. ಇತ್ತೀಚೆಗೆ ಹೃದಯಾಘಾತವಾದವರಿಗೆ ಇದು ಸಲ್ಲದು. ಹೃದಯದ ಬೇರೆ ತೊಂದರೆಗಳು, ಕಣ್ಣಿನೊಳಗಣ ಒತ್ತಡ, ಮೂತ್ರದ ತಡೆ ಇದ್ದವರು ಅದನ್ನು ಮೊದಲೇ ತಿಳಿಸತಕ್ಕದ್ದು. ಮಾನೊಅಮೀನ್ ಆಕ್ಸಿಡೇಸ್ ಎಂಬ ಕಿಣ್ವವನ್ನು ತಡೆಯುವ ಔಷಧಗಳೊಡನೆ ಇದನ್ನು ಕೂಡಿಸಲಾಗದು. ನಡುವೆ ೧೪ ದಿನಗಳಾದರೂ ಕಳೆಯಬೇಕು. ಮದ್ಯವು ಸರ್ವಥಾ ವರ್ಜ್ಯ. ಮನೆಯಲ್ಲಿ ಹೆಚ್ಚು ದಾಸ್ತಾನು ಇಡದೆ, ಇದ್ದುದನ್ನು ಬೀಗದೊಳಗೆ ಇರಿಸಬೇಕು. ಒಂದೆರಡು ಗುಳಿಗೆಗಳೇ ಶಿಶುವಿಗೆ ವಿಷವಾದಾವು. ಅತಿಯಾಗಿ ಸೇವಿಸಿದರೆಂಬ ಸಂಶಯ ಬಂದೊಡನೆ, ಚಿಹ್ನೆಗಳಿಗಾಗಿ ಕಾಯದೆ ಆಸ್ಪತ್ರೆಗೆ ಸೇರಿಸಬೇಕು. ಅಲ್ಲಿ ಹೃದಯದ ವಿದ್ಯುಲ್ಲೇಖವನ್ನು ನೋಡಿ, ಸೋಡಿಯಂ ಬೈಕಾರ್ಬೊನೇಟನ್ನು ರಕ್ತನಾಳದ ಮೂಲಕ ಕೊಟ್ಟು ಪ್ರಾಣವನ್ನು ಉಳಿಸುವುದು ಸಾಧ್ಯವಿದೆ.

ಕಾಲದ ವಿಷಯದಲ್ಲಿ: ಬಾಯಿ ಒಣಗಿತು, ಮನಸ್ಸು ಮಾತ್ರ ಹಾಗೆಯೇ ಇದೆ ಎಂದು ಎರಡನೆಯ ವಾರದಲ್ಲೇ ಔಷಧವನ್ನು ಬಿಟ್ಟುಬಿಡುವವರು ಬಹುಮಂದಿ. ಗುಣಹೊಂದಿದ ಮೇಲೂ ಆರು ತಿಂಗಳಾದರೂ ಮುಂದುವರಿಸಬೇಕು. ನಿಲ್ಲಿಸುವಾಗ ತಟ್ಟನೆ ನಿಲ್ಲಿಸದೆ ಇಳಿಸುತ್ತ ಬರಬೇಕು. ಮೊದಲ ವಾರಗಳಲ್ಲಿ, ಅದರಲ್ಲಿಯೂ ೨೫ ವರ್ಷದೊಳಗಿನವರಲ್ಲಿ, ಮರಣಚಿಂತೆ ಹೆಚ್ಚಬಹುದಾದುದರಿಂದ ಅಂತಹವರನ್ನು ಒಂಟಿಯಾಗಿ ಬಿಡಬಾರದು. ಅತಿಯಾದ ಉಲ್ಲಾಸವೂ ವಾಚಾಳತ್ವವೂ ತೋರಿದರೆ ಅದು ಉನ್ಮಾದದ ಆರಂಭವಾಗಿರಬಹುದು; ಒಡನೆಯೇ ವೈದ್ಯರಿಗೆ ತಿಳಿಸಬೇಕು. ೨೦೨೨ರಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಸರಕಾರಿ ದೂರವಾಣಿ ಸೇವೆಯು ೧೪೪೧೬ ಎಂಬ ಸಂಖ್ಯೆಯಲ್ಲಿ ಹಗಲಿರುಳೂ ದೊರೆಯುತ್ತದೆ.

ಇದರಿಂದ ವಿದಿತವಾಗುವುದಿಷ್ಟು: ಈ ಔಷಧದ ಕಷ್ಟವು ಮೊದಲು ಬರುತ್ತದೆ, ಸುಖವು ಆಮೇಲೆ ಬರುತ್ತದೆ, ರೋಗಿಯು ಕೈಬಿಟ್ಟುಹೋಗುವುದು ಇವೆರಡರ ನಡುವಣ ಎರಡು ಮೂರು ವಾರಗಳಲ್ಲಿ. ಆ ಅವಧಿಯನ್ನು ಅವನು ಒಬ್ಬನೇ ದಾಟಲಾರನು. ಅಳತೆಯನ್ನು ವೈದ್ಯರು ನೋಡಿಕೊಂಡರೆ, ಕಾಲವನ್ನು ಅವನೊಡನೆ ಕಾಯಬೇಕಾದವರು ಮನೆಯವರು, ಮಿತ್ರರು ಮತ್ತು ವಿದ್ಯಾರ್ಥಿಯಾಗಿದ್ದರೆ ಅವನ ಉಪಾಧ್ಯಾಯರು.